ಕೇರಿಯ ಮಕ್ಕಳಿಗೆ ಹೋಮರ್ ಯಾಕೆ?

ಇದು ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಒಪ್ಪಿಗೆ ಆಗದಿದ್ರೆ ಜಗಳ ಆಡಿ, ಆದ್ರೆ ಪೂರ್ತಿ ಓದಿ ಆಡಿ.

ವಾರದಲ್ಲಿ ಮೂರು ದಿನ, ರಾತ್ರಿ ಎಂಟೂವರೆಗೆ, ನಾವು ನಾಲ್ಕು ಜನ ಗೆಳೆಯರು ಸೇರಿ ಆನ್‌ಲೈನ್‌ನಲ್ಲಿ ಒಂದು ಕ್ಲಾಸು ನಡೆಸ್ತಿದ್ದೀವಿ. ಆರು, ಏಳು, ಎಂಟನೇ ಕ್ಲಾಸಿನ ಹತ್ತೊಂಬತ್ತು ಮಕ್ಕಳು. ಎಲ್ಲ ನಮ್ಮ ಕೇರಿಗಳ, ಹಾಸ್ಟೆಲ್‌ಗಳ ಮಕ್ಕಳೇ. ಓದೋದು ಹಳೇ ಪುಸ್ತಕಗಳನ್ನ. ಪಂಪನ ಕರ್ಣ, ಹನ್ನೆರಡನೇ ಶತಮಾನದ ವಚನಗಳು, ಪಾಳಿಯ ಥೇರೀಗಾಥಾ, ಮಿಲಿಂದ ಪನ್ಹ, ಗ್ರೀಕರ ಇಲಿಯಡ್, ಆಂಟಿಗೊನೆ. ಎಲ್ಲ ಕನ್ನಡದಲ್ಲೇ. ಸಿಕ್ಕ ಕಡೆ ಅನುವಾದ, ಸಿಗದ ಕಡೆ ನಾವೇ ಸರಳ ಮಾಡಿ ಹೇಳಿದ್ದು.

ಮೊನ್ನೆ ಏಪ್ರಿಲ್ ಕಾರ್ಯಕ್ರಮದಲ್ಲಿ ಚಳವಳಿಯ ಹಿರಿಯಣ್ಣ ಒಬ್ಬರು ನನ್ನನ್ನ ಪಕ್ಕಕ್ಕೆ ಕರೆದು ಕೇಳಿದ್ರು. 'ಅಲ್ಲಪ್ಪಾ, ನಮ್ಮ ಹುಡುಗರಿಗೆ ಕಂಪ್ಯೂಟರ್ ಹೇಳಿಕೊಡು, ಇಂಗ್ಲಿಷ್ ಹೇಳಿಕೊಡು. ಹೋಮರ್ ಕಟ್ಕೊಂಡು ಕೇರಿ ಮಕ್ಕಳು ಏನ್ ಮಾಡ್ಬೇಕು? ಬೂಸಾ ಅಂತ ಬಸವಲಿಂಗಪ್ಪನೋರು ಐವತ್ತು ವರ್ಷದ ಹಿಂದೇನೇ ಹೇಳ್ಬಿಟ್ಟವ್ರೆ. ನೀನು ಮತ್ತೆ ಅದನ್ನೇ ಹುಡುಗರ ಬಾಯಿಗೆ ತುರುಕ್ತಿದ್ದೀಯಲ್ಲಾ?'

ಅಣ್ಣನ ಮೇಲೆ ನನಗೆ ಅಪಾರ ಗೌರವ. ನನಗೆ ಅಂಬೇಡ್ಕರ್ ಪುಸ್ತಕ ಮೊದಲು ಕೊಟ್ಟವರೇ ಅವರು. ಅವತ್ತು ಉತ್ತರ ಕೊಡೋಕೆ ಆಗ್ಲಿಲ್ಲ. ನನ್ನ ಹತ್ತಿರ ಇರೋ ಉತ್ತರ ಒಂದು ಇತಿಹಾಸ. ಅದನ್ನ ನಿಂತ್ಕೊಂಡು ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಅಮೆರಿಕದಿಂದ ಶುರು ಮಾಡ್ತೀನಿ. ಯಾಕಂದ್ರೆ ಅಲ್ಲಿ ಈ ಪ್ರಶ್ನೆ ಬೆತ್ತಲೆಯಾಗಿ ಬಂತು.

ಜಾನ್ ಕ್ಯಾಲ್ಹೂನ್ ಅಂತ ಒಬ್ಬ ರಾಜಕಾರಣಿ. ದಕ್ಷಿಣ ಕೆರೊಲಿನಾದವನು, ಅಮೆರಿಕದ ಉಪಾಧ್ಯಕ್ಷನಾಗಿದ್ದವನು, ಗುಲಾಮಗಿರಿಯನ್ನ ಬಾಯ್ತುಂಬ ಸಮರ್ಥಿಸಿದವನು. 1830ರ ದಶಕದಲ್ಲಿ ವಾಷಿಂಗ್ಟನ್ನಿನ ಒಂದು ಊಟದ ಕೂಟದಲ್ಲಿ ಅವನು ಒಂದು ಮಾತು ಆಡಿದನಂತೆ. ಗ್ರೀಕ್ ವ್ಯಾಕರಣ ಬಲ್ಲ ಒಬ್ಬ ನೀಗ್ರೋ ಸಿಕ್ಕಿದ್ರೆ, ಅವತ್ತು ಕರಿಯರೂ ಮನುಷ್ಯರು ಅಂತ ನಂಬ್ತೀನಿ, ಅನ್ನೋ ಅರ್ಥದ ಮಾತು. ಈ ಮಾತು ನಮಗೆ ತಲುಪಿದ್ದು ಅಲೆಕ್ಸಾಂಡರ್ ಕ್ರಮ್ಮೆಲ್ ಅನ್ನೋ ಕರಿಯ ಪಾದ್ರಿಯಿಂದ. ಆಗ ಅವನು ಇನ್ನೂ ಹುಡುಗ. ನ್ಯೂಯಾರ್ಕಿನ ಗುಲಾಮಗಿರಿ ವಿರೋಧಿ ಸಂಘದ ಆಫೀಸಿನಲ್ಲಿ ಓಡಾಡ್ಕೊಂಡು ಕೆಲಸ ಮಾಡ್ತಿದ್ದ. ಆ ಕೂಟದಿಂದ ಬಂದ ವಕೀಲರು ಮಾತಾಡ್ಕೊಳ್ತಿದ್ದದ್ದು ಅವನ ಕಿವಿಗೆ ಬಿತ್ತು. ಆ ಮಾತನ್ನ ಅವನು ಮರೆಯಲಿಲ್ಲ. ಇಂಗ್ಲೆಂಡಿಗೆ ಹೋದ, ಕೇಂಬ್ರಿಜ್‌ನ ಕ್ವೀನ್ಸ್ ಕಾಲೇಜಿಗೆ ಸೇರಿ 1853ರಲ್ಲಿ ಪದವಿ ತಗೊಂಡ. ಗ್ರೀಕ್ ವ್ಯಾಕರಣವನ್ನೂ ಕಲಿತ.

ಇಲ್ಲಿ ಸ್ವಲ್ಪ ನಿಲ್ಲಿ. ಕ್ಯಾಲ್ಹೂನನ ಮಾತಿನ ಮೋಸ ನೋಡಿ. ಒಂದು ಕಡೆ, ಕರಿಯರಿಗೆ ಅಕ್ಷರ ಕಲಿಸೋದೇ ದಕ್ಷಿಣದ ಹಲವು ರಾಜ್ಯಗಳಲ್ಲಿ ಅಪರಾಧ. ಜಾರ್ಜಿಯಾದಲ್ಲಿ 1829ರಲ್ಲೇ ಕಾನೂನು ಬಂದಿತ್ತು. ಇನ್ನೊಂದು ಕಡೆ, ಗ್ರೀಕ್ ಬರಲ್ಲ, ಅದಕ್ಕೇ ನೀವು ಮನುಷ್ಯರಲ್ಲ ಅನ್ನೋ ತೀರ್ಪು. ಬಾಗಿಲು ಹಾಕಿದವನೇ ಒಳಗೆ ಬಂದಿಲ್ಲ ಅಂತ ಬೈಯೋದು.

ಈ ಆಟ ನಮಗೆ ಹೊಸದೇನಲ್ಲ ಅಲ್ವಾ?

ಬಾಂಬೆಯ ಎಲ್ಫಿನ್‌ಸ್ಟನ್ ಹೈಸ್ಕೂಲಿಗೆ ಬನ್ನಿ. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳು. ಹದಿಮೂರು ಹದಿನಾಲ್ಕರ ಭೀಮರಾವ್‌ಗೆ ಸಂಸ್ಕೃತ ಓದೋ ಆಸೆ. ಅಸ್ಪೃಶ್ಯರ ಹುಡುಗನಿಗೆ ಸಂಸ್ಕೃತ ಕೊಡಲ್ಲ ಅಂದ್ರು. ಅವರು ಪರ್ಷಿಯನ್ ತಗೊಂಡ್ರು. 1907ರಲ್ಲಿ ಮೆಟ್ರಿಕ್ ಪಾಸಾದಾಗಲೂ ಪರ್ಷಿಯನ್ನೇ. ಸರ್ಕಾರಿ ಶಾಲೆ ಅದು, ಬ್ರಿಟಿಷರ ಆಳ್ವಿಕೆ ಅದು, ಕಾನೂನಿನ ಪ್ರಕಾರ ಎಲ್ಲರಿಗೂ ತೆರೆದ ಶಾಲೆ. ಗೇಟಿನೊಳಗೆ ಬಿಟ್ರು, ಪುಸ್ತಕದೊಳಗೆ ಬಿಡಲಿಲ್ಲ.

ಅಲ್ಲಿಂದ ಸುಮಾರು ನಲವತ್ತು ವರ್ಷ ಮುಂದೆ ಬನ್ನಿ. 1946ರಲ್ಲಿ ಬಾಬಾಸಾಹೇಬರು ಶೂದ್ರರು ಯಾರು ಅನ್ನೋ ಪುಸ್ತಕ ಬರೆದ್ರು. ವೇದ, ಬ್ರಾಹ್ಮಣ, ಮಹಾಭಾರತ, ಸ್ಮೃತಿ ಎಲ್ಲವನ್ನೂ ಸಾಲು ಸಾಲಾಗಿ ಬಗೆದು ನೋಡಿರೋ ಪುಸ್ತಕ. ಅದರ ಮುನ್ನುಡಿಯಲ್ಲಿ ಅವರು ಒಂದು ಆಕ್ಷೇಪಕ್ಕೆ ಉತ್ತರ ಕೊಡ್ತಾರೆ. ಸಂಸ್ಕೃತ ಪಾಂಡಿತ್ಯ ಇಲ್ಲದವನು ಈ ವಿಷಯಕ್ಕೆ ಯಾಕೆ ಕೈ ಹಾಕ್ಬೇಕು ಅನ್ನೋದು ಆಕ್ಷೇಪ. ಬಾಬಾಸಾಹೇಬರು ಕೊರತೆಯನ್ನ ಮುಚ್ಚಿಡಲ್ಲ. ಆದ್ರೆ ಮುಖ್ಯವಾದದ್ದೆಲ್ಲ ಇಂಗ್ಲಿಷಿಗೆ ಬಂದಿದೆ, ಹದಿನೈದು ವರ್ಷ ಆ ಅನುವಾದಗಳನ್ನ ಓದಿದ್ದೀನಿ, ಮಾತಾಡೋಕೆ ಅಷ್ಟು ಅರ್ಹತೆ ಸಾಕು ಅಂತ ಹೇಳ್ತಾರೆ.

ಯೋಚನೆ ಮಾಡಿ. ಸಂಸ್ಕೃತ ಕೊಡಲ್ಲ ಅಂದವರೂ ಅವರೇ, ಸಂಸ್ಕೃತ ಬರಲ್ಲ ಅಂದವರೂ ಅವರೇ. ಕ್ಯಾಲ್ಹೂನ್ ಆಡಿದ ಆಟ ಇಲ್ಲೂ ಅದೇ. ಬಾಬಾಸಾಹೇಬರು ಆ ಆಟವನ್ನ ಮುರಿದದ್ದು ಹೇಗೆ? ಆ ಪುಸ್ತಕಗಳು ನಮಗೆ ಬೇಡ ಅಂತ ತಿರುಗಿ ಹೋಗಲಿಲ್ಲ. ಹಿಂದಿನ ಬಾಗಿಲಿಂದ, ಅನುವಾದದ ಬಾಗಿಲಿಂದ ಒಳಗೆ ಹೋಗಿ, ಒಂದೊಂದೇ ಪುಟ ತೆಗೆದು ಲೆಕ್ಕ ಕೇಳಿದ್ರು.

ಮತ್ತೆ ಅಮೆರಿಕ. ವಿಲಿಯಂ ಸ್ಯಾಂಡರ್ಸ್ ಸ್ಕಾರ್ಬರೋ ಅಂತ ಒಬ್ಬರಿದ್ರು. ನಮ್ಮ ಚಳವಳಿಯಲ್ಲಿ ಈ ಹೆಸರು ಕೇಳಿದವರು ಕಮ್ಮಿ. 1852ರಲ್ಲಿ ಜಾರ್ಜಿಯಾದ ಮೇಕನ್ ಊರಲ್ಲಿ ಹುಟ್ಟಿದ್ರು. ತಾಯಿ ಗುಲಾಮಳು. ಆ ಕಾಲದ ಕಾನೂನಿನಂತೆ ತಾಯಿ ಗುಲಾಮಳಾದ್ರೆ ಮಗುವೂ ಗುಲಾಮನೇ. ಹುಡುಗ ಆಟಕ್ಕೆ ಹೋಗ್ತೀನಿ ಅಂತ ಮನೆಯಿಂದ ಹೊರಡ್ತಿದ್ದ. ಬಟ್ಟೆಯೊಳಗೆ ಕಾಗುಣಿತದ ಪುಸ್ತಕ ಬಚ್ಚಿಟ್ಕೊಂಡು. ಕದ್ದು ಕಲಿತ ಅಕ್ಷರ ಅದು.

ಗುಲಾಮಗಿರಿ ಮುಗಿದ ಮೇಲೆ ಮೇಕನ್ನಿನಲ್ಲಿ ಶಾಲೆ, ಆಮೇಲೆ ಅಟ್ಲಾಂಟಾ, ಆಮೇಲೆ ಓಬರ್ಲಿನ್ ಕಾಲೇಜು. 1875ರಲ್ಲಿ ಪದವಿ. 1881ರಲ್ಲಿ ಅವರು ಗ್ರೀಕ್ ಭಾಷೆಯ ಮೊದಲ ಪಾಠಗಳು ಅನ್ನೋ ಅರ್ಥದ ಒಂದು ಪಠ್ಯಪುಸ್ತಕ ಬರೆದ್ರು. ಗ್ರೀಕ್ ವ್ಯಾಕರಣ ಬಲ್ಲ ಕರಿಯನನ್ನ ತೋರಿಸಿ ಅಂದಿದ್ದ ಕ್ಯಾಲ್ಹೂನ್ ಸತ್ತು ಮೂವತ್ತು ವರ್ಷ ಆಗಿತ್ತು. ಗುಲಾಮಳ ಮಗ ಗ್ರೀಕ್ ವ್ಯಾಕರಣ ಕಲಿಸೋ ಪುಸ್ತಕವನ್ನೇ ಬರೆದ. ಮುಂದೆ ಸ್ಕಾರ್ಬರೋ ಓಹಾಯೋದ ವಿಲ್ಬರ್‌ಫೋರ್ಸ್ ವಿಶ್ವವಿದ್ಯಾಲಯದ ಅಧ್ಯಕ್ಷರೂ ಆದ್ರು, 1908ರಿಂದ 1920ರವರೆಗೆ.

ಇಷ್ಟಾದ್ರೂ ಕಥೆ ಸುಖಾಂತ ಅಲ್ಲ. ಗ್ರೀಕ್, ಲ್ಯಾಟಿನ್ ವಿದ್ವಾಂಸರ ಸಂಘದಲ್ಲಿ ಅವರು ಹಳೇ ಸದಸ್ಯರು. ಒಮ್ಮೆ ಬಾಲ್ಟಿಮೋರಿನಲ್ಲಿ ಸಂಘದ ಸಭೆ. ಕರಿಯ ವಿದ್ವಾಂಸ ಊಟಕ್ಕೆ ಕೂತ್ರೆ ನಾವು ಬಡಿಸಲ್ಲ ಅಂದಿತು ಹೋಟೆಲು. ಹೋಮರನ ಬಗ್ಗೆ ಒಟ್ಟಿಗೆ ಮಾತಾಡಬಹುದು, ಒಟ್ಟಿಗೆ ಊಟ ಮಾಡೋ ಹಾಗಿಲ್ಲ. ಸಹಪಂಕ್ತಿಯ ಪ್ರಶ್ನೆ ನಮ್ಮ ದೇಶದ್ದು ಮಾತ್ರ ಅಂದ್ಕೊಂಡಿದ್ರಾ?

ಹಂಗಾಗಿ ನಾನು ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಹಳೇ ಪುಸ್ತಕ ಓದಿದ್ರೆ ಮೇಲ್ಜಾತಿಯವರು ನಮ್ಮನ್ನ ಒಪ್ಪಿಕೊಳ್ತಾರೆ ಅಂತ ನಾನು ಹೇಳ್ತಿಲ್ಲ. ಒಪ್ಪಲ್ಲ. ಸ್ಕಾರ್ಬರೋನೇ ಸಾಕ್ಷಿ. ಅವರ ಒಪ್ಪಿಗೆಗೋಸ್ಕರ ಓದೋದಾದ್ರೆ ಓದದೇ ಇರೋದು ವಾಸಿ.

ಹಾಗಾದ್ರೆ ಯಾಕೆ ಓದ್ಬೇಕು? ಇಲ್ಲಿ ಹಿರಿಯಣ್ಣನ ಪ್ರಶ್ನೆಗೆ ಬರ್ತೀನಿ. ಕಂಪ್ಯೂಟರ್ ಕಲಿಸು, ಕಸುಬು ಕಲಿಸು ಅನ್ನೋ ಪ್ರಶ್ನೆ.

ಇದೇ ಪ್ರಶ್ನೆ ಮೇಲೆ ಕರಿಯ ನಾಯಕರೇ ಎರಡು ಭಾಗ ಆಗಿದ್ರು. ಬೂಕರ್ ಟಿ. ವಾಷಿಂಗ್ಟನ್ ಒಂದು ಕಡೆ. ಅವರೂ ಗುಲಾಮರಾಗಿ ಹುಟ್ಟಿದವರು, ದೊಡ್ಡ ಸಂಸ್ಥೆ ಕಟ್ಟಿದವರು, ಅವರ ಶ್ರಮವನ್ನ ಕೀಳು ಮಾಡೋಕೆ ನನಗೆ ಇಷ್ಟ ಇಲ್ಲ. ಇಟ್ಟಿಗೆ ಸುಡೋದು ಕಲೀರಿ, ಬಡಗಿ ಕೆಲಸ ಕಲೀರಿ, ಮಿಕ್ಕಿದ್ದು ಆಮೇಲೆ ಅನ್ನೋದು ಅವರ ವಾದ. 1901ರ ತಮ್ಮ ಆತ್ಮಕಥೆಯಲ್ಲಿ ಒಬ್ಬ ಹುಡುಗನ ಚಿತ್ರ ಕೊಡ್ತಾರೆ. ಒಂದೇ ಕೋಣೆಯ ಗುಡಿಸಲು, ಬಟ್ಟೆ ಮೇಲೆ ಜಿಡ್ಡು, ಸುತ್ತಲೂ ಕೊಳಕು, ಅದರ ಮಧ್ಯೆ ಕೂತು ಫ್ರೆಂಚ್ ವ್ಯಾಕರಣ ಓದ್ತಿದ್ದಾನೆ. ವಾಷಿಂಗ್ಟನ್ ಅವರಿಗೆ ಅದು ನೋಡಿದ್ದರಲ್ಲೇ ದುಃಖದ ದೃಶ್ಯಗಳಲ್ಲಿ ಒಂದು.

ನನಗೆ ಆ ಹುಡುಗನ ಮೇಲೆ ಪ್ರೀತಿ. ಆ ಗುಡಿಸಲು ನನಗೆ ಗೊತ್ತು. ಹೊಗೆ ಹಿಡಿದ ಗೋಡೆಗೆ ಒರಗಿ, ಬೀದಿ ದೀಪದ ಬೆಳಕಲ್ಲಿ ಸಿಕ್ಕಿದ್ದನ್ನೆಲ್ಲ ಓದಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ?

ಇನ್ನೊಂದು ಕಡೆ ಡಬ್ಲ್ಯು.ಇ.ಬಿ. ಡು ಬಾಯ್ಸ್. ಅವರು 1894ರಲ್ಲಿ ಕೆಲಸಕ್ಕೆ ಸೇರಿದ್ದೇ ವಿಲ್ಬರ್‌ಫೋರ್ಸ್‌ನಲ್ಲಿ ಗ್ರೀಕ್, ಲ್ಯಾಟಿನ್ ಕಲಿಸೋಕೆ. 1903ರಲ್ಲಿ ಬಂದ ಅವರ ಹೆಸರಾಂತ ಪುಸ್ತಕದಲ್ಲಿ ವಾಷಿಂಗ್ಟನ್ ದಾರಿಯನ್ನ ನೇರವಾಗಿ ಪ್ರಶ್ನೆ ಮಾಡಿದ್ರು. ಬರೀ ಕೈಗೆ ಕೆಲಸ ಕಲಿಸಿ ತಲೆಗೆ ಏನೂ ಕೊಡದಿದ್ರೆ ಒಂದು ಜನಾಂಗ ಯಾವತ್ತೂ ಇನ್ನೊಬ್ಬರ ಕೆಳಗೇ ಉಳಿಯುತ್ತೆ ಅನ್ನೋದು ಅವರ ವಾದದ ತಿರುಳು. ಇದೇ ಡು ಬಾಯ್ಸ್‌ಗೆ 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದಿದ್ರು, ಕರಿಯರ ಪರವಾಗಿ ವಿಶ್ವಸಂಸ್ಥೆಗೆ ಕೊಡ್ತಿರೋ ಮನವಿಯ ಪ್ರತಿ ಕೇಳಿ. ಡು ಬಾಯ್ಸ್ ಉತ್ತರಾನೂ ಬರೆದ್ರು.

ಈ ಜಗಳದಲ್ಲಿ ನಿಜವಾಗಿ ಬೆಲೆ ತೆತ್ತವರು ಒಬ್ಬ ಹೆಣ್ಣುಮಗಳು. ಆನಾ ಜೂಲಿಯಾ ಕೂಪರ್. 1858ರಲ್ಲಿ ಉತ್ತರ ಕೆರೊಲಿನಾದಲ್ಲಿ ಗುಲಾಮ ತಾಯಿಗೆ ಹುಟ್ಟಿದವರು. ಓದಿದ ಶಾಲೆಯಲ್ಲಿ ಗ್ರೀಕ್ ಕ್ಲಾಸು ಪಾದ್ರಿಗಳಾಗೋ ಗಂಡುಹುಡುಗರಿಗೆ ಮಾತ್ರ ಅಂತ ಇತ್ತು. ಹಟ ಹಿಡಿದು ಒಳಗೆ ಹೋದ್ರು. ಓಬರ್ಲಿನ್‌ನಲ್ಲಿ 1884ರಲ್ಲಿ ಪದವಿ. ಆಮೇಲೆ ವಾಷಿಂಗ್ಟನ್ ನಗರದ ಎಂ ಸ್ಟ್ರೀಟ್ ಹೈಸ್ಕೂಲಿನಲ್ಲಿ ಕರಿಯ ಮಕ್ಕಳಿಗೆ ಲ್ಯಾಟಿನ್ ಕಲಿಸಿದ್ರು. 1902ರಲ್ಲಿ ಅಲ್ಲೇ ಪ್ರಿನ್ಸಿಪಾಲರಾದ್ರು. ಅವರ ಮಕ್ಕಳು ಹಾರ್ವರ್ಡ್, ಯೇಲ್ ಮಟ್ಟದ ಕಾಲೇಜುಗಳಿಗೆ ಸೀಟು ತಗೊಳ್ಳೋಕೆ ಶುರು ಮಾಡಿದ್ರು. ಮೇಲಿನವರಿಗೆ ಅದು ಸಹಿಸಲಿಲ್ಲ. ಕರಿಯ ಮಕ್ಕಳಿಗೆ ಕಸುಬಿನ ಶಿಕ್ಷಣ ಸಾಕು ಅನ್ನೋ ಒತ್ತಡ ಬಂತು. ಕೂಪರ್ ಬಗ್ಗಲಿಲ್ಲ. ಅವರ ಮೇಲೆ ಆರೋಪಗಳು ಬಂದವು, 1906ರಲ್ಲಿ ಹುದ್ದೆ ಹೋಯ್ತು. ಕೆಲವು ವರ್ಷ ಬಿಟ್ಟು ಅದೇ ಶಾಲೆಗೆ ಲ್ಯಾಟಿನ್ ಟೀಚರಾಗಿ ವಾಪಸ್ ಬಂದ್ರು. 1925ರಲ್ಲಿ, ಅರವತ್ತಾರನೇ ವಯಸ್ಸಲ್ಲಿ, ಪ್ಯಾರಿಸ್ಸಿನ ಸೋರ್ಬಾನಿನಿಂದ ಡಾಕ್ಟರೇಟ್ ಪಡೆದ್ರು. ನೂರ ಐದು ವರ್ಷ ಬದುಕಿದ್ರು.

ಕೂಪರ್ ಮಾಡಿದ ತಪ್ಪೇನು? ಬಡವರ ಮಕ್ಕಳಿಗೂ ಶ್ರೀಮಂತರ ಮಕ್ಕಳ ಪುಸ್ತಕವನ್ನೇ ಕೊಟ್ಟದ್ದು. ಅಷ್ಟೇ.

ಈಗ ನಮ್ಮ ಸುತ್ತ ನೋಡಿ. ನಮ್ಮ ಮಕ್ಕಳ ವಿಷಯ ಬಂದಾಗಲೆಲ್ಲ ಕೇಳಿಬರೋ ಮಾತು ಯಾವುದು? ಕೌಶಲ. ಸ್ಕಿಲ್ಲು. ಟೈಲರಿಂಗ್, ಮೊಬೈಲ್ ರಿಪೇರಿ, ಡೇಟಾ ಎಂಟ್ರಿ. ಇವು ಬೇಡ ಅಂತ ಯಾರೂ ಹೇಳಲ್ಲ, ಹೊಟ್ಟೆಪಾಡು ಮುಖ್ಯ. ಆದ್ರೆ ಇವೇ ಸಾಕು ಅಂತ ನಮಗೆ ಮಾತ್ರ ಯಾಕೆ ಹೇಳ್ತಾರೆ? ಅವರ ಮಕ್ಕಳಿಗೆ ಕೋಡಿಂಗೂ ಇದೆ, ಶ್ಲೋಕದ ಕ್ಲಾಸೂ ಇದೆ, ಚರ್ಚಾಸ್ಪರ್ಧೆಯೂ ಇದೆ.

ಅಮೆರಿಕದಲ್ಲಿ ಈಗ ಹತ್ತರಿಂದ ಹದಿನಾಲ್ಕು ವಯಸ್ಸಿನ ಮಕ್ಕಳಿಗೆ ಕ್ಲಾಸಿಕಲ್ ಶಿಕ್ಷಣ ಕೊಡೋ ಆನ್‌ಲೈನ್ ಶಾಲೆಗಳೇ ಇವೆ. ಅಪ್ಪ ಅಮ್ಮ ದುಡ್ಡು ಕಟ್ಟಿ ಸೇರಿಸ್ತಾರೆ. ಮಕ್ಕಳು ಮನೇಲೇ ಕೂತು ಲ್ಯಾಟಿನ್, ತರ್ಕ, ಹೋಮರ್, ಪ್ಲೇಟೋ ಓದ್ತಾರೆ. ಈ ಶಾಲೆಗಳವರು ಹೆಚ್ಚಾಗಿ ನೆನೆಸೋದು ಡೊರೊಥಿ ಸೇಯರ್ಸ್ ಅನ್ನೋ ಇಂಗ್ಲಿಷ್ ಲೇಖಕಿ 1947ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಭಾಷಣವನ್ನ. ಮಧ್ಯಯುಗದ ಯುರೋಪಿನಲ್ಲಿ ವ್ಯಾಕರಣ, ತರ್ಕ, ಮಾತಿನ ಕಲೆ ಅಂತ ಮೂರು ಮೆಟ್ಟಿಲು ಇದ್ದವು. ಆಕೆ ಅವನ್ನ ಮಕ್ಕಳ ವಯಸ್ಸಿಗೆ ಹೊಂದಿಸಿದ್ರು. ಪುಟ್ಟ ಮಕ್ಕಳು ಗಿಣಿ ಹಾಗೆ ಬಾಯಿಪಾಠ ಮಾಡ್ತಾರೆ, ಆಗ ವ್ಯಾಕರಣ ಕಲಿಸಿ. ಆಮೇಲೆ ಎದುರುತ್ತರ ಕೊಡೋ ವಯಸ್ಸು ಬರುತ್ತೆ, ದೊಡ್ಡವರ ಮಾತಲ್ಲಿ ತಪ್ಪು ಹುಡುಕೋ ವಯಸ್ಸು. ಆಗ ತರ್ಕ ಕಲಿಸಿ.

ಇದನ್ನ ಓದಿದಾಗ ನನಗೆ ನಗು ಬಂತು, ಆಮೇಲೆ ಹೊಟ್ಟೆ ಉರೀತು. ಅವರ ಮಗು ಎದುರು ಮಾತಾಡಿದ್ರೆ ತರ್ಕದ ಕ್ಲಾಸು. ನಮ್ಮ ಮಗು ಎದುರು ಮಾತಾಡಿದ್ರೆ? ಶಾಲೇಲಿ ಬೆತ್ತ, ಊರಲ್ಲಿ ಪಂಚಾಯ್ತಿ, ಮನೇಲಿ ಭಯ ಬಿದ್ದ ಅವ್ವನೇ ಬಾಯಿ ಮುಚ್ಚಿಸ್ತಾಳೆ. ನಾನು ಎಂಟನೇ ಕ್ಲಾಸಲ್ಲಿ ಸಂಸ್ಕೃತ ತಗೊಳ್ತೀನಿ ಅಂದಾಗ ಮೇಷ್ಟ್ರು ನಕ್ಕು, 'ನಿಂಗ್ಯಾಕಪ್ಪಾ ಅದು, ನಾಲಗೆ ತಿರುಗಲ್ಲ' ಅಂದ್ರು. ಯಾಕೆ ತಿರುಗಲ್ಲ ಸಾರ್ ಅಂತ ಕೇಳ್ದೆ. ಆ ಒಂದು ಪ್ರಶ್ನೆಗೆ ಒಂದು ಪೀರಿಯಡ್ ಹೊರಗೆ ನಿಂತಿದ್ದೆ.

ಆದ್ರೆ ನಮ್ಮಲ್ಲಿ ಆ ವಯಸ್ಸಿನ ಮಗು ಎದುರು ಮಾತಾಡಿದ ಇತಿಹಾಸ ಇಲ್ಲವಾ? ಇದೆ. ಪುಣೆಯಲ್ಲಿ ಜ್ಯೋತಿಬಾ, ಸಾವಿತ್ರಿಬಾಯಿ ಫುಲೆ ನಡೆಸ್ತಿದ್ದ ಶಾಲೆಯಲ್ಲಿ ಮುಕ್ತಾಬಾಯಿ ಅಂತ ಒಬ್ಬ ಮಾಂಗ್ ಜಾತಿಯ ಹುಡುಗಿ ಓದ್ತಿದ್ದಳು. ಹದಿನಾಲ್ಕರ ಆಸುಪಾಸಿನ ವಯಸ್ಸು, ಶಾಲೆಗೆ ಬಂದು ಮೂರೇ ವರ್ಷ. 1855ರಲ್ಲಿ ಆಕೆ ಮಾಂಗ ಮಹಾರರ ದುಃಖದ ಬಗ್ಗೆ ಬರೆದ ಪ್ರಬಂಧ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯ್ತು. ಆಕೆಯ ವಾದ ಎಷ್ಟು ಗಟ್ಟಿ ನೋಡಿ. ವೇದ ಬ್ರಾಹ್ಮಣರ ಸ್ವತ್ತು ಅಂತ ಅವರೇ ಹೇಳ್ತಾರೆ. ನಾವು ಅದನ್ನ ನೋಡೋ ಹಾಗೂ ಇಲ್ಲ. ಹಾಗಾದ್ರೆ ಆ ಪುಸ್ತಕದ ಧರ್ಮ ನಮ್ಮದು ಹೇಗಾಗುತ್ತೆ? ಯಾವ ಗ್ರೀಕ್ ತರ್ಕಶಾಸ್ತ್ರಿಯೂ ಇದಕ್ಕೆ ಸೋಲ್ಬೇಕು. ನಮ್ಮ ಕ್ಲಾಸು ಶುರುವಾದದ್ದೇ ಮುಕ್ತಾಳಿಂದ.

ಈಗ ಬೂಸಾ ವಿಷಯ. 1973ರ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಅಂದ್ರು. ಊರೂರಲ್ಲಿ ಗಲಾಟೆ ಆಯ್ತು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆ ಆಯ್ತು, ಅವರ ಮಂತ್ರಿಗಿರಿ ಹೋಯ್ತು. ಆ ಬೆಂಕಿಯಿಂದಲೇ ದಲಿತ ಸಂಘರ್ಷ ಸಮಿತಿ ಎದ್ದು ಬಂತು. ಆ ಮಾತು ಆಡೋ ಧೈರ್ಯ ಇದ್ದಿದ್ದಕ್ಕೇ ನಾವು ಇವತ್ತು ಇಲ್ಲಿದ್ದೀವಿ.

ಆದ್ರೆ ಅಣ್ಣಾ, ಒಂದು ಮಾತು ಗಮನಿಸಿ. ಬೂಸಾ ಯಾವುದು, ಕಾಳು ಯಾವುದು ಅಂತ ಹೇಳ್ಬೇಕಾದ್ರೆ ಕೇರಬೇಕು. ಕೇರೋಕೆ ಮೊರ ನಮ್ಮ ಕೈಲಿರಬೇಕು. ಬೂಸಾ ಚಳವಳಿಯ ನಂತರ ಬಂದ ನಮ್ಮವರು ಮಾಡಿದ್ದೂ ಅದನ್ನೇ ಅಲ್ವಾ? ಸಿದ್ಧಲಿಂಗಯ್ಯನವರು ಬೀದಿಯಲ್ಲಿ ಹೋರಾಟದ ಹಾಡು ಕಟ್ಟಿದ್ರು, ವಿಶ್ವವಿದ್ಯಾಲಯದಲ್ಲಿ ಕನ್ನಡ ಓದಿ ಗ್ರಾಮದೇವತೆಗಳ ಮೇಲೆ ಸಂಶೋಧನೆನೂ ಮಾಡಿದ್ರು. ಹಳೇದನ್ನ ಬೇರೆಯವರ ಕೈಗೆ ಬಿಟ್ಟುಕೊಡಲಿಲ್ಲ. 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆ ಅನ್ನೋ ಸ್ಥಾನ ಬಂತು. ಮೆರವಣಿಗೆ ಆಯ್ತು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ ಕೂಡ ಆ ಶಾಸ್ತ್ರೀಯ ಪರಂಪರೆಯೇ ಅಲ್ವಾ? ಅದನ್ನ ನಮ್ಮ ಮಕ್ಕಳಿಗೆ ನಾವು ಹೇಳದಿದ್ರೆ ಯಾರು ಹೇಳ್ತಾರೆ?

ಬಾಬಾಸಾಹೇಬರ ಇನ್ನೊಂದು ಕೆಲಸ ನೆನಪು ಮಾಡ್ಕೊಳ್ಳಿ. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಕಟ್ಟಿದ್ರು. ಅದರ ಕಡೆಯಿಂದ 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು ಶುರುವಾಯ್ತು. ಅದರ ಹೆಸರು ಮಿಲಿಂದ. ಅದು ಇರೋ ಜಾಗಕ್ಕೆ ನಾಗಸೇನವನ. ಯಾರು ಈ ಮಿಲಿಂದ? ವಾಯವ್ಯ ಭಾರತವನ್ನ ಆಳಿದ ಗ್ರೀಕ್ ದೊರೆ ಮಿನಾಂಡರ್. ನಾಗಸೇನ ಬೌದ್ಧ ಭಿಕ್ಕು. ಇವರಿಬ್ಬರ ವಾದವೇ ಮಿಲಿಂದ ಪನ್ಹ. ಹಿಂದುಳಿದ ಮರಾಠವಾಡದ ಬಡ ಮಕ್ಕಳ ಕಾಲೇಜಿಗೆ ಇಡೋಕೆ ಬಾಬಾಸಾಹೇಬರಿಗೆ ಬೇರೆ ಹೆಸರೇ ಸಿಗಲಿಲ್ವಾ? ಬೇಕಂತಲೇ ಇದನ್ನ ಆರಿಸಿದ್ರು ಅಂತ ನನ್ನ ನಂಬಿಕೆ. ಯಾಕಂದ್ರೆ ಆ ಪುಸ್ತಕದಲ್ಲಿ ವಾದ ಶುರುವಾಗೋ ಮೊದಲೇ ನಾಗಸೇನ ದೊರೆಗೆ ಒಂದು ಷರತ್ತು ಹಾಕ್ತಾನೆ. ಪಂಡಿತರ ಹಾಗೆ ವಾದ ಮಾಡ್ತೀಯಾದ್ರೆ ಬಾ, ದೊರೆಯ ಹಾಗಾದ್ರೆ ಬೇಡ. ಪಂಡಿತರು ತಪ್ಪು ತೋರಿಸಿದ್ರೆ ಒಪ್ಕೊಳ್ತಾರೆ, ಸಿಟ್ಟಾಗಲ್ಲ. ದೊರೆಗಳು ಒಪ್ಪದವನಿಗೆ ಶಿಕ್ಷೆ ಕೊಡ್ತಾರೆ. ದೊರೆ ಒಪ್ಪಿದ. ಈ ಭಾಗ ಹೇಳಿದ ದಿನ ಎಂಟನೇ ಕ್ಲಾಸಿನ ಹುಡುಗನೊಬ್ಬ ಕೇಳಿದ, 'ಅಣ್ಣಾ, ಇದನ್ನ ನಮ್ಮ ಹೆಡ್ ಮಾಸ್ಟರ್‌ಗೆ ಓದಿಸಬೋದಾ?'

ಇಲಿಯಡ್ ಓದಿದಾಗಲೂ ಹೀಗೇ ಆಯ್ತು. ಅದರ ಎರಡನೇ ಭಾಗದಲ್ಲಿ ಥರ್ಸೈಟಿಸ್ ಅಂತ ಒಬ್ಬ ಬರ್ತಾನೆ. ಸಾಮಾನ್ಯ ಸೈನಿಕ. ಕಾಲು ಸೊಟ್ಟ, ಕುರೂಪಿ ಅಂತ ಕವಿ ವರ್ಣನೆ ಮಾಡ್ತಾನೆ. ಅವನು ಸಭೆಯಲ್ಲಿ ಎದ್ದು ರಾಜ ಅಗಮೆಮ್ನಾನ್‌ಗೆ ಕೇಳ್ತಾನೆ, ನಿನ್ನ ಡೇರೆ ತುಂಬ ಲೂಟಿ ಇದೆ, ಇನ್ನೂ ಏನು ಬೇಕು, ನಾವು ಊರಿಗೆ ಹೋಗ್ತೀವಿ ಅಂತ. ಒಡಿಸ್ಸಿಯಸ್ ಬಂದು ರಾಜದಂಡದಿಂದ ಅವನ ಬೆನ್ನಿಗೆ ಬಾರಿಸ್ತಾನೆ. ಬಾಸುಂಡೆ ಏಳುತ್ತೆ, ಅವನು ಅಳ್ತಾನೆ, ಉಳಿದ ಸೈನಿಕರು ನಗ್ತಾರೆ. ಇಷ್ಟು ಹೇಳಿದೆ. ಏಳನೇ ಕ್ಲಾಸಿನ ಹುಡುಗಿ ಮೈಕ್ ಆನ್ ಮಾಡಿ, 'ಅಣ್ಣಾ, ಹೋದ ವಾರ ಅಕಿಲಿಸ್ ಕೂಡ ಇದನ್ನೇ ಅಲ್ವಾ ಹೇಳಿದ್ದು? ರಾಜ ದುರಾಸೆಯವನು ಅಂತ? ಅವನಿಗೆ ಯಾಕೆ ಯಾರೂ ಹೊಡೀಲಿಲ್ಲ?' ಅಂದಳು.

ಅದೇ ಮಾತು. ಹೇಳಿದವನು ದೊಡ್ಡ ಮನೆಯವನಾದ್ರೆ ಅವನು ನಾಯಕ, ಸಣ್ಣವನಾದ್ರೆ ಬೆನ್ನಿಗೆ ಬಾರುಕೋಲು. ಈ ವಿಷಯವನ್ನ ಆ ಹುಡುಗಿ ಯಾವ ಪಂಡಿತನಿಂದಲೂ ಕೇಳಿ ತಿಳಿದದ್ದಲ್ಲ. ಅವಳ ಬದುಕಿಗೆ ಅದು ಮೊದಲೇ ಗೊತ್ತಿತ್ತು. ಪುಸ್ತಕ ಅದಕ್ಕೆ ಒಂದು ಹೆಸರು ಕೊಟ್ಟಿತು, ಅಷ್ಟೇ. ನಾನು ಹೇಳ್ತಿರೋ ಓದು ಇದು. ಕೈಮುಗಿದು ಓದೋದಲ್ಲ.

ಇನ್ನು ಆನ್‌ಲೈನ್ ಬಗ್ಗೆ. ಇದನ್ನ ಹೊಗಳೋ ಮನಸ್ಸು ನನಗಿಲ್ಲ. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಆನ್‌ಲೈನ್ ಕ್ಲಾಸು ಅನ್ನೋದು ಯಾರಿಗೆ ಸಿಕ್ತು, ಯಾರಿಗೆ ಸಿಗಲಿಲ್ಲ ಅಂತ ನಾವೆಲ್ಲ ಕಣ್ಣಾರೆ ನೋಡಿದ್ದೀವಿ. ಸರ್ಕಾರ ವಿದ್ಯಾಗಮ ಅಂತ ಮರದ ಕೆಳಗೆ, ಗುಡಿ ಜಗುಲಿಯಲ್ಲಿ ಪಾಠ ಶುರು ಮಾಡ್ತು. ಗುಡಿ ಜಗುಲಿ ಅಂದ ಕೂಡಲೇ ನಮ್ಮ ಮಕ್ಕಳ ಪರಿಸ್ಥಿತಿ ಏನಾಗಬಹುದು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟೋ ಮಕ್ಕಳು ಆ ವರ್ಷ ಗಾರೆ ಕೆಲಸಕ್ಕೆ ಹೋದವರು ಮತ್ತೆ ಬ್ಯಾಗು ಹಾಕಲೇ ಇಲ್ಲ.

ನಮ್ಮ ಕ್ಲಾಸು ಎಂಟೂವರೆಗೇ ಯಾಕೆ? ಮನೆಗೆ ಇರೋದು ಒಂದು ಫೋನು. ಅದು ಆಟೋ ಓಡಿಸೋ ಅಪ್ಪನ ಜೇಬಲ್ಲಿ, ಗಾರ್ಮೆಂಟ್ಸಿಗೆ ಹೋಗೋ ಅವ್ವನ ಬ್ಯಾಗಲ್ಲಿ ಇರುತ್ತೆ. ಅವರು ಮನೆಗೆ ಬಂದ ಮೇಲೇ ಕ್ಲಾಸು. ನೆಟ್‌ವರ್ಕ್ ಸಿಗದೆ ನೀರಿನ ಟ್ಯಾಂಕ್ ಹತ್ತಿ ಕೂರೋ ಹುಡುಗ ಒಬ್ಬ ಇದ್ದಾನೆ. ವಿಡಿಯೋ ಹಾಕ್ಬೇಡಿ, ಡೇಟಾ ಖರ್ಚಾಗುತ್ತೆ ಅಂತ ನಾವೇ ಹೇಳಿದ್ದೀವಿ. ಹಾಗಾಗಿ ಎಷ್ಟೋ ಮಕ್ಕಳ ಮುಖ ನಾನು ಇನ್ನೂ ನೋಡಿಲ್ಲ, ದನಿ ಮಾತ್ರ ಗೊತ್ತು.

ಆದ್ರೂ ಒಂದು ಮಾತು ಒಪ್ಪಲೇಬೇಕು. ಬಾಬಾಸಾಹೇಬರು ಒಂದೊಂದು ಪುಸ್ತಕಕ್ಕೆ ಹೊಟ್ಟೆ ಕಟ್ಟಿ ಹುಡುಕಬೇಕಾಗಿತ್ತು. ಸ್ಕಾರ್ಬರೋ ಕಾಗುಣಿತವನ್ನ ಬಟ್ಟೆಯೊಳಗೆ ಬಚ್ಚಿಡಬೇಕಾಗಿತ್ತು. ಇವತ್ತು ವಚನಗಳು, ಪಾಳಿ ಸುತ್ತಗಳು, ಗ್ರೀಕ್ ಕಾವ್ಯಗಳ ಇಂಗ್ಲಿಷ್ ಅನುವಾದ ಎಲ್ಲ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಯಾವ ಮೇಷ್ಟ್ರಿಗೂ ನಿಂಗ್ಯಾಕೆ ಅಂತ ಕೇಳೋಕೆ ಆಗಲ್ಲ. ಪುಸ್ತಕದ ಬಾಗಿಲು ತೆರೆದಿದೆ. ಈಗ ಕಾವಲು ಇರೋದು ಬೇರೆ ಕಡೆ, ಫೋನು, ಡೇಟಾ, ಪುರುಸೊತ್ತು, ಮತ್ತೆ ಜೊತೆಗೆ ಕೂತು ಓದೋ ಒಬ್ಬ ದೊಡ್ಡವರು. ಮೊದಲ ಮೂರನ್ನ ಸರ್ಕಾರದ ಹತ್ರ ಜಗಳ ಆಡಿ ಕೇಳೋಣ. ನಾಲ್ಕನೇದು ನಾವೇ ಆಗಬೇಕು.

ಹೋದ ತಿಂಗಳು ಆಂಟಿಗೊನೆ ಶುರು ಮಾಡಿದ್ವಿ. ಸೊಫೊಕ್ಲಿಸ್ ಎರಡು ಸಾವಿರದ ನಾನೂರು ವರ್ಷಕ್ಕೂ ಹಿಂದೆ ಬರೆದ ನಾಟಕ. ಕನ್ನಡಕ್ಕೆ ಲಂಕೇಶರು ತಂದಿದ್ದಾರೆ. ಕಥೆ ಇಷ್ಟು. ರಾಜ ಕ್ರೆಯಾನ್ ಆಜ್ಞೆ ಹೊರಡಿಸ್ತಾನೆ, ನನ್ನ ಶತ್ರುವಿನ ಹೆಣವನ್ನ ಯಾರೂ ಹೂಳಕೂಡದು, ನಾಯಿ ಹದ್ದು ತಿನ್ನಲಿ. ಆ ಹೆಣ ಆಂಟಿಗೊನೆಯ ಅಣ್ಣನದು. ಅವಳು ಒಬ್ಬಳೇ ಹೋಗಿ ಹೆಣದ ಮೇಲೆ ಮಣ್ಣು ಹಾಕ್ತಾಳೆ. ಹಿಡಿದು ತಂದಾಗ ಹೌದು ನಾನೇ ಹಾಕಿದ್ದು ಅಂತಾಳೆ. ರಾಜನ ಆಜ್ಞೆಗಿಂತ ದೊಡ್ಡ ಕಟ್ಟಳೆ ಒಂದಿದೆ ಅಂತಾಳೆ.

ಕಥೆ ಮುಗಿದ ಮೇಲೆ ಮಕ್ಕಳೆಲ್ಲ ಸುಮ್ಮನಿದ್ರು. ನೆಟ್ ಹೋಯ್ತೇನೋ ಅಂದ್ಕೊಂಡೆ. ಆಮೇಲೆ ಆರನೇ ಕ್ಲಾಸಿನ ಒಬ್ಬ ಹುಡುಗ, ಯಾವತ್ತೂ ಬಾಯಿ ಬಿಡದವನು, ಮೆಲ್ಲಗೆ ಹೇಳಿದ. 'ಅಣ್ಣಾ, ನಮ್ಮ ತಾತ ಸತ್ತಾಗ ಹೂಳೋಕೆ ಜಾಗ ಕೊಡಲಿಲ್ಲ. ಸ್ಮಶಾನಕ್ಕೆ ಹೋಗೋ ದಾರಿ ಅವರ ಹೊಲದ ಮೇಲೆ ಇತ್ತು. ರಾತ್ರಿ ತನಕ ಇಟ್ಕೊಂಡು ಹಳ್ಳದ ದಂಡೇಲಿ ಹೂತ್ವಿ. ಅಪ್ಪ ಏನೂ ಮಾತಾಡ್ಲಿಲ್ಲ. ಆಂಟಿಗೊನೆ ಯಾಕೆ ಹೆದರ್ಲಿಲ್ಲ?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಆದ್ರೆ ಬೇರೆ ಮಕ್ಕಳು ಒಬ್ಬೊಬ್ಬರಾಗಿ ಮೈಕ್ ಆನ್ ಮಾಡಿ ತಮ್ಮ ತಮ್ಮ ಊರಿನ ಸ್ಮಶಾನದ ಕಥೆ ಹೇಳೋಕೆ ಶುರು ಮಾಡಿದ್ರು. ಅವತ್ತು ಕ್ಲಾಸು ಹತ್ತೂವರೆ ತನಕ ನಡೀತು. ಈಗ ಆ ಮಕ್ಕಳು ಊರೂರಿನ ಪಟ್ಟಿ ಮಾಡ್ತಿದ್ದಾರೆ, ಯಾವ ಊರಲ್ಲಿ ನಮ್ಮವರಿಗೆ ಹೂಳೋಕೆ ಜಾಗ ಇದೆ, ಯಾವ ಊರಲ್ಲಿ ಇಲ್ಲ ಅಂತ. ತಹಶೀಲ್ದಾರರಿಗೆ ಅರ್ಜಿ ಬರೀತಾರಂತೆ. ಅರ್ಜ್ಜಿಯ ಒಕ್ಕಣೆ ಅವರದೇ. ನಾವು ಕಾಗುಣಿತ ಮಾತ್ರ ತಿದ್ದೋದು.

ಹಿರಿಯಣ್ಣಾ, ಹೋಮರ್ ಕಟ್ಕೊಂಡು ಕೇರಿ ಮಕ್ಕಳು ಏನ್ ಮಾಡ್ಬೇಕು ಅಂತ ಕೇಳಿದ್ರಲ್ಲ. ಅವರು ಮಾಡ್ತಿರೋದು ಇದು. ಒಂದು ಎಂಟೂವರೆಗೆ ನೀವೂ ಬನ್ನಿ. ಬೂಸಾ ಚಳವಳಿಯಲ್ಲಿ ನೀವು ಕಂಡಿದ್ದನ್ನ ಮಕ್ಕಳಿಗೆ ಹೇಳಿ. ಅವರು ಎದುರು ಪ್ರಶ್ನೆ ಕೇಳ್ತಾರೆ, ಸಿಟ್ಟಾಗಬೇಡಿ. ನಾಗಸೇನನ ಷರತ್ತು ಎಲ್ಲರಿಗೂ ಒಂದೇ.

ಓದಿದ ಗೆಳೆಯರಲ್ಲಿ ಒಂದು ಕೇಳಿಕೆ. ಮನೇಲಿ ಬಳಸದೇ ಇಟ್ಟಿರೋ ಹಳೇ ಫೋನ್ ಇದ್ರೆ ತಿಳಿಸಿ. ವಾರಕ್ಕೆ ಒಂದು ರಾತ್ರಿ ಒಂದು ಗಂಟೆ ಕೊಡೋಕಾದ್ರೆ ಇನ್ನೂ ಒಳ್ಳೇದು. ಗ್ರೀಕ್ ಬರಬೇಕಾಗಿಲ್ಲ, ಸಂಸ್ಕೃತ ಬರಬೇಕಾಗಿಲ್ಲ. ಅನುವಾದ ಸಾಕು ಅಂತ ಬಾಬಾಸಾಹೇಬರೇ ಹೇಳಿದ್ದಾರೆ.

ಜೈ ಭೀಮ್.